ಕರೆಂಟ್ ಗಾಡಿಗೆ ಮುಸುಕು ಹಾಕಿದ ಬೋರೇಶ

ಚಿತ್ರದುರ್ಗದಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಒಂದು ಊರು. ಆ ಊರಿನಲ್ಲಿ ಒಬ್ಬಳು ತಾಯಿ, ಅವಳಿಗೆ ಒಬ್ಬನೇ ಮಗ. ತಾಯಿ ಕಾಟಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ಮಾರುತ್ತಿದ್ದಳು. ಮಗ ಬೋರೇಶ ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನು ಮಾಡುವವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವನನ್ನು ಪೆದ್ದ ಎಂದು ಕರೆಯುತ್ತಿದ್ದರು.

"ಬಾಣಲೆ ನೋಡ್ತಿರು ಮಗಾ, ನೀರು ತರ್ತೀನಿ" ಎಂದು ಕಾಟಮ್ಮ ಹೋದರೆ ಬೋರೇಶ ಬಾಣಲೆ ನೋಡುತ್ತ ಕೂರುತ್ತಿದ್ದ. ಮೆಣಸಿನಕಾಯಿ ಕೆಂಪಾಗಿ, ಕಪ್ಪಾಗಿ, ಇದ್ದಿಲಾಗುವವರೆಗೂ ನೋಡುತ್ತಿದ್ದ.

"ಅಯ್ಯೋ, ಸೀದು ಹೋಯ್ತಲ್ಲೋ!"

"ಹೂಂ ಅಮ್ಮ, ನೋಡಿದೆ."

ಕಾಟಮ್ಮನ ಅಣ್ಣ ತಿಪ್ಪೇಸ್ವಾಮಿಗೆ ಮದುವೆಗೆ ಬಂದ ಮಗಳಿದ್ದಳು. "ನಿನ್ನ ಮಗನಿಗೆ ಕಾಯಂ ಕೆಲಸ ಅಂತ ಒಂದಾಗಲಿ, ಮಾರನೇ ದಿನವೇ ತಾಂಬೂಲ ತಗೊಂಡು ಬರ್ತೀನಿ" ಎಂದಿದ್ದ. ಕೆಲಸ ಕಾಯಂ ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತು ಅದು. ಕಾಟಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಅವಳ ಅಂಗಡಿಯ ಎದುರಿಗೆ ಒಂದು ಕಾರಿನ ಶೋರೂಮು. ಯಜಮಾನರು ಪಂಚಾಕ್ಷರಪ್ಪ. ಆಗ ಊರಿಗೆ ಊರೇ ಒಂದು ಹೊಸ ಗಾಡಿಗಾಗಿ ಕಾಯುತ್ತಿತ್ತು. ಕಂಪನಿಯವರು ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿಟ್ಟಿದ್ದರು. ಊರಿನವರು ಕರೆಂಟ್ ಗಾಡಿ ಎಂದರು. ಅರ್ಧ ದಿನ ಕರೆಂಟ್ ಇಲ್ಲದ ಊರು ಅದು. ಶೋರೂಮಿನ ಮುಂದೆ ದೊಡ್ಡ ಬ್ಯಾನರು. ತುಂಬ ಕತ್ತಲೆ, ಕತ್ತಲೆಯಲ್ಲಿ ಒಂದೇ ಒಂದು ಹೆಡ್‌ಲೈಟು, ಕೆಳಗೆ "ಬರುತ್ತಿದೆ" ಎಂದು ಬರೆದಿತ್ತು. ಜನ ನಿಂತು ಆ ಹೆಡ್‌ಲೈಟನ್ನೇ ಚರ್ಚಿಸುತ್ತಿದ್ದರು.

"ಶಬ್ದವೇ ಇಲ್ಲವಂತೆ."

"ಹೊಗೆಯೂ ಇಲ್ಲವಂತೆ."

"ಹಂಗಾದ್ರೆ ಬಂತು ಅಂತ ಹೆಂಗೆ ಗೊತ್ತಾಗುತ್ತೆ?"

ಪಂಚಾಕ್ಷರಪ್ಪನವರು ಪ್ರತಿ ಸಂಜೆ ಕಾಟಮ್ಮನ ಮೆಣಸಿನಕಾಯಿ ತಿನ್ನುತ್ತಿದ್ದರು. ಒಂದು ಸಂಜೆ ಬಾಯಿ ಉರಿಯುತ್ತಿರುವಾಗ ಕಾಟಮ್ಮ ಮಗನ ವಿಷಯ ತೆಗೆದಳು. "ಆಯ್ತು ಕಳಿಸಮ್ಮ" ಎಂದರು ಅವರು. "ಕರೆಂಟ್ ಗಾಡಿ ಬಿಡುಗಡೆ ಆಗೋವರೆಗೂ ಕೆಲಸ ಉಳಿಸಿಕೊಂಡರೆ ಕಾಯಂ ಮಾಡ್ತೀನಿ." ಆಮೇಲೆ ನೀರು ಕುಡಿದರು.

ಮೊದಲ ದಿನ ಯಜಮಾನರು ಬೋರೇಶನನ್ನು ಬಾಗಿಲಲ್ಲಿ ನಿಲ್ಲಿಸಿದರು. "ನೋಡಪ್ಪ, ಹೊಸ ಗಾಡಿ ವಿಷಯ ಗುಟ್ಟು. ಯಾರು ಏನು ಕೇಳಿದರೂ ಬಾಯಿ ಬಿಡಬೇಡ."

ಹೈಸ್ಕೂಲಿನ ಮೇಷ್ಟ್ರು, ಅವರ ಹೆಂಡತಿ ಬಂದರು. "ಕರೆಂಟ್ ಗಾಡಿ ಯಾವಾಗಪ್ಪ ಬರೋದು?" ಬೋರೇಶ ಬಾಯಿ ಬಿಡಲಿಲ್ಲ. "ಹೋಗಲಿ, ಯಜಮಾನರು ಇದಾರಾ?" ಬಿಡಲಿಲ್ಲ. "ಬಾತ್‌ರೂಮ್ ಎಲ್ಲಿದೆ?" ಅದಕ್ಕೂ ಬಿಡಲಿಲ್ಲ. "ಅಯ್ಯೋ ಪಾಪ, ಮಾತು ಬರಲ್ಲ ಅನ್ಸುತ್ತೆ ಕಣ್ರೀ" ಎಂದು ಮೇಷ್ಟ್ರ ಹೆಂಡತಿ ಅವನ ಕೈಗೊಂದು ಬಾಳೆಹಣ್ಣು ಇಟ್ಟು ಹೊರಟುಹೋದರು. ಬೋರೇಶ ಸಂಜೆಯವರೆಗೂ ಹಣ್ಣು ಹಿಡಿದುಕೊಂಡೇ ನಿಂತಿದ್ದ. ತಿನ್ನಬೇಕಾದರೆ ಬಾಯಿ ಬಿಡಬೇಕಲ್ಲ.

"ಅಯ್ಯೋ ನನ್ನ ಕರ್ಮವೇ!" ಎಂದಳು ಕಾಟಮ್ಮ. "ವ್ಯಾಪಾರದ ಜಾಗದಲ್ಲಿ ಕಂಬದ ಥರ ನಿಲ್ತಾರೇನೋ? ರಸ್ತೇಲಿ ಗಾಡಿ ನಿಂತ್ರೆ ಸಾಕು, ಓಡಿ ಹೋಗಿ ನಗ್ತಾ ಮಾತಾಡಿಸಬೇಕು. ಊಟ ಆಯ್ತಾ, ಮನೇಲೆಲ್ಲ ಚೆನ್ನಾಗಿದಾರಾ, ಹಳೇ ಗಾಡಿ ಸಾಕಾಯ್ತಾ, ಹೊಸದು ನೋಡಿ ಅನ್ಬೇಕು!"

"ಆಗಲಮ್ಮ, ಹಂಗೇ ಮಾಡ್ತೀನಿ" ಎಂದ ಬೋರೇಶ. ಮಾಡಿದ.

ಮಾರನೇ ದಿನ ಶೋರೂಮಿನ ಮುಂದಿನ ರಸ್ತೆಯ ಉಬ್ಬಿನ ಹತ್ತಿರ ಒಂದು ವ್ಯಾನು ನಿಧಾನ ಮಾಡಿತು. ಮುಂದೆ ತಮಟೆ, ಗಾಡಿಗೆ ಚೆಂಡುಹೂವಿನ ಹಾರ, ಒಳಗೆ ದಿನಸಿ ಅಂಗಡಿಯ ಹಿರಿಯ ಶೆಟ್ಟರು ಕಣ್ಣು ಮುಚ್ಚಿ ಮಲಗಿದ್ದರು. ಬೋರೇಶ ನಗುತ್ತ ಓಡಿದ.

"ಊಟ ಆಯ್ತಾ? ಮನೇಲೆಲ್ಲ ಚೆನ್ನಾಗಿದಾರಾ? ಹಳೇ ಗಾಡಿ ಸಾಕಾಯ್ತಾ? ಹೊಸದು ನೋಡಿ! ಇದ್ರಲ್ಲಿ ಮಲಗಿರೋರಿಗೆ ಕಾಲು ಚಾಚೋಕೂ ಜಾಗ ಇಲ್ಲ. ಹೊಸದ್ರಲ್ಲಿ ಸೀಟು ಪೂರ್ತಿ ಹಿಂದಕ್ಕೆ ಮಲಗುತ್ತೆ!"

ತಮಟೆ ನಿಂತಿತು. ಶೆಟ್ಟರ ಮಕ್ಕಳು ಇಳಿದರು. ಅವರು ಏನು ಮಾಡಿದರು ಎನ್ನುವುದು ಬೋರೇಶನ ಬೆನ್ನಿಗೆ ಗೊತ್ತು.

ಬೆನ್ನಿಗೆ ಎಣ್ಣೆ ಹಚ್ಚುತ್ತ ಕಾಟಮ್ಮ ಬೈದಳು. "ಅಯ್ಯೋ ನನ್ನ ಕರ್ಮವೇ! ಹೆಣದ ಗಾಡಿ ನಿಲ್ಲಿಸಿ ವ್ಯಾಪಾರ ಮಾಡ್ತಾರೇನೋ! ಹೂವಿನ ಹಾರ ಕಂಡ್ರೆ ಚಪ್ಪಲಿ ಬಿಟ್ಟು, ಕೈ ಮುಗಿದು, 'ಹಣೇಲಿ ಬರೆದಿದ್ದು, ಧೈರ್ಯ ತಂದ್ಕೊಳ್ಳಿ, ಹಿಂದೆ ಉಳಿದೋರನ್ನ ನೋಡ್ಕೊಳ್ಳಿ' ಅನ್ಬೇಕು. ತಿಳೀತಾ?"

"ತಿಳೀತಮ್ಮ. ಹೂವಿನ ಹಾರ ಕಂಡ್ರೆ."

ಆ ಶುಕ್ರವಾರ ಗ್ಯಾಸ್ ಏಜೆನ್ಸಿಯ ಕೊಟ್ರೇಶಪ್ಪ ಪೆಟ್ರೋಲಿನ ಚಿಕ್ಕ ಕಾರು ತೆಗೆದುಕೊಂಡು ಹೋಗಲು ಬಂದರು. ಜೊತೆಗೆ ಹೆಂಡತಿ, ತಾಯಿ. ಕಾರಿಗೆ ಅರಿಸಿನ ಕುಂಕುಮ ಹಚ್ಚಿ ಸೇವಂತಿಗೆಯ ಹಾರ ಹಾಕಿದ್ದರು. ಬೀಗದ ಕೈ ಕೊಟ್ಟಾಯಿತು, ಫೋಟೋ ಆಯಿತು, ಮೂವರೂ ಹತ್ತಿ ಕೂತರು. ಬೋರೇಶ ಹಾರ ಕಂಡ. ಚಪ್ಪಲಿ ಬಿಟ್ಟ. ಕೈ ಮುಗಿದು ಕಿಟಕಿಯ ಹತ್ತಿರ ಬಗ್ಗಿದ.

"ಹಣೇಲಿ ಬರೆದಿದ್ದು ಸಾರ್. ಧೈರ್ಯ ತಂದ್ಕೊಳ್ಳಿ. ಹಿಂದೆ ಉಳಿದೋರನ್ನ ನೋಡ್ಕೊಳ್ಳಿ."

ಕೊಟ್ರೇಶಪ್ಪನ ಹೆಂಡತಿ ಹಿಂದೆ ತಿರುಗಿ ನೋಡಿದರು. ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಅತ್ತೆ ಕೆಳಗಿಳಿದರು. "ಇವನ ಬಾಯಲ್ಲಿ ಇಂಥ ಮಾತು ಕೇಳಿಸ್ಕೊಂಡು ನಾನು ಈ ಕಾರಲ್ಲಿ ಬರಲ್ಲ. ಆಟೋ ಕರೀರಿ!"

"ಅಯ್ಯೋ ನನ್ನ ಕರ್ಮವೇ!" ಎಂದಳು ಕಾಟಮ್ಮ. "ಅದು ಶುಭ ಕಣೋ! ಅಲ್ಲಿ ಪೂಜೆ ಮಾಡಬೇಕು. ಹೊಸದು, ಚಕ್ರ ಇರೋದು ಏನೇ ಬರ್ಲಿ, ಉರುಳೋಕೆ ಮುಂಚೆ ಒಂದೊಂದು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, ಎದುರಿಗೆ ಬೂದುಗುಂಬಳಕಾಯಿ ಒಡೆದು, ದೃಷ್ಟಿ ತೆಗೀಬೇಕು!"

"ಆಗಲಮ್ಮ, ಹಂಗೇ ಮಾಡ್ತೀನಿ."

ಕರೆಂಟ್ ಗಾಡಿಯ ಸಮಾರಂಭಕ್ಕೆ ತಯಾರಿ ಹೇಗಿದೆ ಎಂದು ನೋಡಲು ಬೆಂಗಳೂರಿನಿಂದ ಕಂಪನಿಯ ಸಾಹೇಬರು ಬಂದರು. ಅವರಿಗಾಗಿ ಪಂಚಾಕ್ಷರಪ್ಪನವರು ತಿರುಗುವ ಕುರ್ಚಿಯೊಂದನ್ನು ಹೊಸದಾಗಿ ತರಿಸಿದ್ದರು. ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಸಾಹೇಬರು ಕೂತರು. ಬೋರೇಶ ಬಗ್ಗಿ ನೋಡಿದ. ಕುರ್ಚಿಗೆ ಐದು ಚಕ್ರ. ಸಾಹೇಬರು ಲ್ಯಾಪ್‌ಟಾಪ್ ನೋಡುತ್ತಿರುವಾಗ ಐದಕ್ಕೂ ನಿಂಬೆಹಣ್ಣು ಇಟ್ಟ. ಆಮೇಲೆ ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಸಾಹೇಬರ ತಲೆಯ ಸುತ್ತ ಮೂರು ಸಲ ನಿವಾಳಿಸಿ ಅವರ ಬೂಟಿನ ಎದುರಿಗೆ ಅಪ್ಪಳಿಸಿದ.

ಸಾಹೇಬರು ಹೆದರಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಕುರ್ಚಿ ಹೋಗಲಿಲ್ಲ, ಸಾಹೇಬರು ಹೋದರು.

"ಇದು ನಮ್ಮ ಕಡೆಯ ಪದ್ಧತಿ ಸರ್" ಎಂದರು ಪಂಚಾಕ್ಷರಪ್ಪ, ಅವರನ್ನು ಎತ್ತುತ್ತ.

"ಚೆನ್ನಾಗಿದೆ" ಎಂದರು ಸಾಹೇಬರು, ಪ್ಯಾಂಟಿನಿಂದ ಬೀಜ ಕೀಳುತ್ತ.

ಸಾಹೇಬರ ಕಾರು ಮರೆಯಾದ ಮೇಲೆ ಯಜಮಾನರು ತಿರುಗಿದರು. "ಲೇ! ಇನ್ನು ಮೇಲೆ ಬುದ್ಧಿ ಉಪಯೋಗಿಸಬೇಡ! ನಾನು ಹೇಳಿದಷ್ಟು ಮಾಡು. ಅದರಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗಕೂಡದು!" ಇಷ್ಟು ದಿನ ಬೋರೇಶ ಮಾಡಿದ್ದೂ ಅದನ್ನೇ. ಅಷ್ಟು ಹೇಳಿಯೂ ಯಜಮಾನರಿಗೆ ಸಿಟ್ಟು ಇಳಿಯದೆ ಅವನನ್ನು ಅಂದೇ ಓಡಿಸಬೇಕೆಂದುಕೊಂಡರು. ಅಷ್ಟರಲ್ಲಿ ಕಾಟಮ್ಮ ಬಿಸಿ ಮೆಣಸಿನಕಾಯಿಯ ತಟ್ಟೆ ಹಿಡಿದು, ಸೆರಗಿನಲ್ಲಿ ಕಣ್ಣೊರೆಸುತ್ತ ಬಂದು ನಿಂತಳು.

"ಒಂದೇ ಒಂದು ವಾರ ಸಾಮಿ. ಗಾಡಿ ಬಂದುಬಿಡಲಿ. ನನ್ನ ಮಗಂಗೆ ಒಂದು ಮನೆ ಅಂತ ಆಗುತ್ತೆ."

ಯಜಮಾನರು ತಟ್ಟೆ ತೆಗೆದುಕೊಂಡರು.

ಅಂದು ಕಾಟಮ್ಮ ಮಗನಿಗೆ ಕೊನೆಯ ಬುದ್ಧಿ ಹೇಳಿದಳು. "ಬೈಯಲಿ, ಹೊಡೀಲಿ, ಹೋಗು ಅನ್ನಲಿ. ಹೊಸ ಗಾಡಿ ಬಂದು ಶೋರೂಮಲ್ಲಿ ನಿಲ್ಲೋವರೆಗೂ ನೀನು ಅಲ್ಲಿಂದ ಕದಲಬೇಡ."

"ಆಗಲಮ್ಮ."

ಸಮಾರಂಭದ ದಿನ ಬಂತು. ಶೋರೂಮಿನ ಪಕ್ಕದ ಬಯಲಿನಲ್ಲಿ ಶಾಮಿಯಾನ, ಅದರ ತುದಿಗೆ ಪರದೆ, ಪರದೆಯ ಹಿಂದೆ ಗಾಡಿ ನಿಲ್ಲಲು ಹಲಗೆ ಹಾಸಿದ ಜಾಗ, ಅದಕ್ಕೆ ಅಂಟಿಕೊಂಡೇ ಹಿಂದಿನ ಗೇಟು. ಗೇಟಿನಲ್ಲಿ ಬೋರೇಶ.

ಯಜಮಾನರು ಒಂದೊಂದೇ ಮಾತು ಬಿಡಿಸಿ ಹೇಳಿದರು. "ಈ ಗೇಟಿಗೆ ಬಿಳೀ ಬಣ್ಣದ ದೊಡ್ಡ ಗಾಡಿ ಬರುತ್ತೆ. ಬಂದು ಹಲಗೆ ಮೇಲೆ ನಿಂತ ಕೂಡಲೇ ಈ ಕೆಂಪು ಮುಸುಕು ಹಾಕಿ ಸುತ್ತ ಹಗ್ಗ ಬಿಗಿ. ಗೇಟು ಹಾಕು. ಆಮೇಲೆ ಬೇರೆ ಯಾವ ಗಾಡೀನೂ ಒಳಗೆ ಬಿಡಬೇಡ. ಮುಖ್ಯ ಅತಿಥಿ ಮಹಾರುದ್ರಪ್ಪನವರು ಬಂದು ಎಳೆಯೋವರೆಗೂ ಮುಸುಕು ಅಲುಗಬಾರದು. ನಾನೇ ಬಂದು ಕೇಳಿದರೂ ತೆಗೀಬೇಡ!"

ಮಹಾರುದ್ರಪ್ಪ ಎಂದರೆ ಎಣ್ಣೆ ಮಿಲ್ಲಿನ ಮಾಲೀಕರು. ಎಣ್ಣೆ ಬೇಡದ ಗಾಡಿಯನ್ನು ಎಣ್ಣೆ ಮಿಲ್ಲಿನವರ ಕೈಯಿಂದ ಬಿಡುಗಡೆ ಮಾಡಿಸುವುದರಲ್ಲಿ ಊರಿಗೆ ವಿಶೇಷವೇನೂ ಕಾಣಲಿಲ್ಲ. ಅವರದೂ ಒಂದು ಬಿಳೀ ದೊಡ್ಡ ಗಾಡಿ, ಡೀಸೆಲ್ಲಿನದು. ಮುಂದಿನ ಗೇಟಿನಲ್ಲಿ ಜನಜಂಗುಳಿ ಕಂಡು ಅವರ ಡ್ರೈವರು ಹಿಂದಿನ ಗೇಟಿಗೆ ಬಂದ. ಹಲಗೆಯ ಮೇಲೆ ನಿಲ್ಲಿಸಿದ.

ಬೋರೇಶ ಮುಸುಕು ಹಾಕಿದ. ಹಗ್ಗ ಬಿಗಿದ. ಗೇಟು ಹಾಕಿದ.

ಒಳಗೆ ಮಹಾರುದ್ರಪ್ಪನವರು ಗಾಬರಿಯಾಗಲಿಲ್ಲ. ಸಭೆ ಸಮಾರಂಭಗಳಲ್ಲಿ ಶಾಲು ಹೊದಿಸಿಕೊಂಡು ಅಭ್ಯಾಸವಿತ್ತು. ಈ ಸಲ ಗಾಡಿಗೂ ಹೊದಿಸುತ್ತಿದ್ದಾರೆ ಎಂದುಕೊಂಡು ಕೂದಲು ಸರಿಮಾಡಿಕೊಂಡು ಕಾದರು.

ಸ್ವಲ್ಪ ಹೊತ್ತಿಗೆ ಒಂದು ಲಾರಿ ಬಂತು. ಮೇಲೆ ಬಿಳೀ ಬಣ್ಣದ ಹೊಸ ಗಾಡಿ.

"ಗೇಟು ತೆಗಿಯಪ್ಪ, ಹೊಸ ಗಾಡಿ ತಂದಿದೀನಿ" ಎಂದ ಲಾರಿಯವನು.

"ಹೊಸ ಗಾಡಿ ಬಂದಾಯ್ತು. ಮುಸುಕೂ ಹಾಕಾಯ್ತು."

"ಹಂಗಾದ್ರೆ ಇದ್ಯಾವುದು?"

"ಬೇರೆ ಗಾಡಿ. ಒಳಗೆ ಬಿಡಲ್ಲ."

ಲಾರಿಯವನು ಗೇಟಿನ ಮೇಲಿಂದ ಇಣುಕಿದ. ಕೆಂಪು ಮುಸುಕು ಹೊದ್ದ ಗಾಡಿ ನಿಂತಿತ್ತು. ತಲೆ ಕೆರೆದುಕೊಂಡ. "ಬಳ್ಳಾರಿ ಶೋರೂಮಿನವರೂ ಬೆಳಿಗ್ಗೆಯಿಂದ ಫೋನ್ ಮಾಡ್ತಾನೇ ಇದಾರೆ. ಅವರದೇ ಇರಬೇಕು" ಎಂದು ಹೊರಟುಹೋದ.

ಇತ್ತ ಪರದೆ ಸರಿಯಿತು. ಜನ ಚಪ್ಪಾಳೆ ಹೊಡೆದರು. ಪಂಚಾಕ್ಷರಪ್ಪನವರು ಮೈಕು ಹಿಡಿದು "ಶಬ್ದವಿಲ್ಲದ, ಹೊಗೆಯಿಲ್ಲದ" ಎನ್ನುವಷ್ಟರಲ್ಲಿ ಮುಸುಕಿನ ಅಡಿಯಿಂದ ಹೊಗೆ ಬಂತು. ಏಸಿಗೆಂದು ಡ್ರೈವರು ಎಂಜಿನ್ ಆರಿಸಿರಲಿಲ್ಲ.

"ಹೊಗೆ ಬರ್ತಿದೆಯಲ್ರೀ!" ಎಂದರು ಮೇಷ್ಟ್ರು ಮುಂದಿನ ಸಾಲಿನಿಂದ.

"ಅದು ಧೂಪ" ಎಂದರು ಪಂಚಾಕ್ಷರಪ್ಪ.

ಪೋಂ ಪೋಂ ಎಂದು ಹಾರ್ನ್ ಕೇಳಿತು. "ಇದು?" ಎಂದರು ಮೇಷ್ಟ್ರು.

"ಇದು ಮಂಗಳವಾದ್ಯ. ಮುಖ್ಯ ಅತಿಥಿಗಳು ಬರುತ್ತಲೇ ಮುಸುಕು ತೆಗೆಯುತ್ತಾರೆ. ದಯವಿಟ್ಟು ಕೂತಿರಿ."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಮಹಾರುದ್ರಪ್ಪ!

"ಎಲ್ಲಿದೀರಿ ಸರ್? ಎಲ್ಲರೂ ನಿಮಗೇ ಕಾಯ್ತಿದೀವಿ!"

"ಕತ್ತಲಲ್ಲಿದೀನಿ ಕಣ್ರೀ!"

"ಮಿಲ್ಲಲ್ಲಿ ಕರೆಂಟ್ ಹೋಯ್ತಾ ಸರ್? ಪರವಾಗಿಲ್ಲ, ನಿಧಾನಕ್ಕೆ ಬನ್ನಿ."

"ಎಲ್ಲಿಂದ ಬರಲಿ! ಬಾಗಿಲೇ ತೆಗೆಯೋಕಾಗ್ತಿಲ್ಲ! ನಿಮ್ಮ ಗೇಟೊಳಗೆ, ಕೆಂಪು ಬಟ್ಟೆ ಒಳಗೆ ಬೇಯ್ತಿದೀನಿ!"

ಮೈಕು ಆರಿಸಿರಲಿಲ್ಲವಾದ್ದರಿಂದ ಇದನ್ನು ಊರೆಲ್ಲ ಕೇಳಿತು. ಪಂಚಾಕ್ಷರಪ್ಪನವರು ಹಲಗೆಯತ್ತ ಓಡಿದರು. ಬೋರೇಶ ಕೈ ಅಗಲಿಸಿ ಅಡ್ಡ ನಿಂತ.

"ತೆಗಿಯೋ ಮುಸುಕು!"

"ಮಹಾರುದ್ರಪ್ಪನೋರು ಬಂದು ಎಳೀಬೇಕು ಸಾರ್. ನೀವೇ ಕೇಳಿದರೂ ತೆಗೀಬೇಡ ಅಂದಿದೀರಿ."

"ಅವರು ಒಳಗಿದಾರೆ ಕಣೋ!"

"ಹಂಗಾದ್ರೆ ಬಂದು ಎಳೀಲಿ."

ಕೊನೆಗೆ ನಾಲ್ಕು ಜನ ಬೋರೇಶನನ್ನು ಹಿಡಿದುಕೊಂಡು ಹಗ್ಗ ಕತ್ತರಿಸಿದರು. ಮಹಾರುದ್ರಪ್ಪನವರು ಬೆವರು ಸುರಿಸುತ್ತ ಇಳಿದರು. ಜನ ಮತ್ತೆ ಚಪ್ಪಾಳೆ ಹೊಡೆದರು. "ಇವರು ಗಾಡಿ ಜೊತೆಗೇ ಬರ್ತಾರಾ, ಬೇರೆ ಬುಕ್ ಮಾಡಬೇಕಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಮಹಾರುದ್ರಪ್ಪನವರು ಮತ್ತೆ ಗಾಡಿ ಹತ್ತಿದವರು ತಿರುಗಿ ನೋಡದೆ ಮಿಲ್ಲಿಗೆ ಹೋದರು.

"ಹಂಗಾದ್ರೆ ನಮ್ಮ ಗಾಡಿ ಎಲ್ಲೋ?" ಎಂದರು ಪಂಚಾಕ್ಷರಪ್ಪ. ಅವರ ದನಿ ಬಹಳ ಮೆಲ್ಲಗಿತ್ತು.

"ಯಾವುದು ಸಾರ್? ಲಾರಿ ಮೇಲೆ ಬಂದಿತ್ತಲ್ಲ, ಅದಾ? ಗೇಟಲ್ಲೇ ವಾಪಸ್ ಕಳಿಸಿದೆ."

ಯಜಮಾನರು ಹಲಗೆಯ ಮೇಲೆ ಕುಸಿದು ಕೂತರು. "ಲೇ, ಹೊಸ ಗಾಡಿ ಬರೋವರೆಗೂ ನಿನ್ನ ಮುಖ ಯಾರಿಗೂ ತೋರಿಸಬೇಡ!"

ಬೋರೇಶ ಯೋಚಿಸಿದ. ಅಮ್ಮ ಕದಲಬೇಡ ಎಂದಿದ್ದಾಳೆ. ಯಜಮಾನರು ಮುಖ ತೋರಿಸಬೇಡ ಎಂದಿದ್ದಾರೆ. ಎರಡೂ ನಡೆಯಬೇಕು. ಕೆಂಪು ಮುಸುಕನ್ನು ಎತ್ತಿ ತಲೆಯಿಂದ ಕಾಲಿನವರೆಗೂ ಹೊದ್ದುಕೊಂಡು ಹಲಗೆಯ ನಡುವೆ ನಿಂತ.

ಬೆಳಗಾದಾಗ ಪರದೆ ಸರಿದೇ ಇತ್ತು. ದಾರಿಹೋಕರು ಒಬ್ಬೊಬ್ಬರೇ ಬಂದು ನಿಂತರು.

"ಬಂದೇಬಿಡ್ತಾ?"

"ಸ್ವಲ್ಪ ಸಣ್ಣದಾಯ್ತು."

"ಶಬ್ದ ಇಲ್ಲ ನೋಡಿ. ಹೊಗೆನೂ ಇಲ್ಲ."

"ಹಂಗಾದ್ರೆ ಇದೇ ಅಸಲಿ."

ಮೇಷ್ಟ್ರು ಹತ್ತಿರ ಹೋಗಿ ಕಿವಿಯಿಟ್ಟರು. ಒಳಗಿನಿಂದ ದನಿ ಬಂತು. "ಊಟ ಆಯ್ತಾ? ಮನೇಲೆಲ್ಲ ಚೆನ್ನಾಗಿದಾರಾ?"

"ಮಾತೂ ಆಡುತ್ತೆ!" ಎಂದರು ಮೇಷ್ಟ್ರು. ನೇರವಾಗಿ ಒಳಗೆ ಹೋಗಿ ಬುಕ್ ಮಾಡಿದರು. ಅವರ ಹಿಂದೆ ಇನ್ನೂ ಕೆಲವರು ಹೋದರು.

ಮುಸುಕು ಕಿತ್ತು ಬೋರೇಶನನ್ನು ಓಡಿಸಬೇಕೆಂದು ಬಂದ ಪಂಚಾಕ್ಷರಪ್ಪನವರು ಇದನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಕಂಪನಿಗೆ ಫೋನ್ ಮಾಡಿದರು. ಆ ಗಾಡಿಯನ್ನು ಬಳ್ಳಾರಿಯವರು ಇಳಿಸಿಕೊಂಡಾಯ್ತು, ಮುಂದಿನ ಗಾಡಿ ಮುಂದಿನ ತಿಂಗಳು ಎಂದರು ಕಂಪನಿಯವರು. ಆ ತಿಂಗಳು ಬಂದಾಗ ಅದರ ಮುಂದಿನ ತಿಂಗಳು ಎಂದರು. ಆಮೇಲೆ ತಿಂಗಳ ಹೆಸರು ಹೇಳುವುದನ್ನೇ ಬಿಟ್ಟರು.

"ಸಾಮಿ, ನನ್ನ ಮಗ?" ಎಂದಳು ಕಾಟಮ್ಮ.

"ಗಾಡಿ ಬರೋವರೆಗೂ ಅಲ್ಲೇ ನಿಂತಿರಲಿ."

ಕಾಟಮ್ಮ ಬ್ಯಾನರಿನ ಕಡೆ ನೋಡಿದಳು. "ಬರುತ್ತಿದೆ" ಎಂದೇ ಇತ್ತು. "ಹಂಗಾದ್ರೆ ಕಾಯಂ ಆಯ್ತು ಅನ್ನಿ" ಎಂದಳು. ಯಜಮಾನರು ಹೂಂ ಎಂದು ಬುಕಿಂಗ್ ಪುಸ್ತಕ ತೆರೆದರು.

ತಿಪ್ಪೇಸ್ವಾಮಿ ಆಡಿದ ಮಾತಿಗೆ ಕಟ್ಟುಬಿದ್ದು ಮಾರನೇ ದಿನ ತಾಂಬೂಲ ಹಿಡಿದು, ಅಳಿಯನಿಗೆಂದು ಮಲ್ಲಿಗೆಯ ದೊಡ್ಡ ಹಾರ ತಂದ. ಮುಸುಕಿನ ಮುಂದೆ ನಿಂತು "ಎಲ್ಲಪ್ಪ ಅಳಿಯ, ಒಂದು ಸಲ ಮುಖ ತೋರಿಸು" ಎಂದ.

"ಗಾಡಿ ಬರಲಿ ಮಾವ" ಎಂದಿತು ಮುಸುಕು.

ತಿಪ್ಪೇಸ್ವಾಮಿ ನಿಟ್ಟುಸಿರು ಬಿಟ್ಟು ಹಾರವನ್ನು ಮುಸುಕಿನ ಮೇಲೇ ಹಾಕಿದ. ಒಳಗೆ ಬೋರೇಶನಿಗೆ ಹೂವಿನ ವಾಸನೆ ಬಂತು. ಅಮ್ಮ ಹೇಳಿದ್ದು ನೆನಪಾಯಿತು. ಚಪ್ಪಲಿ ಬಿಟ್ಟ, ಕೈ ಮುಗಿದ.

"ಹಣೇಲಿ ಬರೆದಿದ್ದು ಮಾವ" ಎಂದ. "ಧೈರ್ಯ ತಂದ್ಕೊಳ್ಳಿ."