ಜೀಗುಜ್ಜೆ ಎಲೆಗೆ ಬೆರಳು ಬಂದದ್ದು

ಕಡಲಲ್ಲಿ ಇನ್ನೂ ಉಪ್ಪು ಪೂರ್ತಿ ಕರಗಿರಲಿಲ್ಲ, ಚಂದ್ರನಿಗೆ ಇನ್ನೂ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಅಷ್ಟು ಹಿಂದಿನ ಮಾತು ಇದು, ಪುಟ್ಟಿ. ಆಗ ಕಡಲ ನಡುವೆ ಒಂದು ಸಣ್ಣ ದ್ವೀಪವಿತ್ತು. ಅಲ್ಲಿ ಮರಗಳೂ ಮಾತಾಡುತ್ತಿದ್ದವು, ಗಾಳಿಯೂ ಮಾತಾಡುತ್ತಿತ್ತು. ಮನುಷ್ಯರು ಮಾತ್ರ ಈಗಿನ ಹಾಗೆಯೇ, ಕೇಳಿಸಿಕೊಳ್ಳುವುದು ಕಡಿಮೆ.

ಆ ದ್ವೀಪದಲ್ಲಿ ಮಗು ಹುಟ್ಟಿದ ದಿನವೇ ಮನೆಯ ಪಕ್ಕ ಒಂದು ಜೀಗುಜ್ಜೆ ಸಸಿ ನೆಡುತ್ತಿದ್ದರು. ನಾವು ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದು ತಿನ್ನುತ್ತೇವಲ್ಲ, ಘಟ್ಟದ ಮೇಲಿನವರು ದೀವಿಹಲಸು ಅನ್ನುತ್ತಾರಲ್ಲ, ಅದೇ ಜೀಗುಜ್ಜೆ. ಮಗುವಿನ ಮೊದಲ ಸ್ನಾನದ ನೀರು ಸಸಿಯ ಬುಡಕ್ಕೆ. ಅಂದಿನಿಂದ ಅದು ಮಗುವಿನ ಜೊತೆಮರ. ಅದರ ಮೈಗೆ ಕತ್ತಿ ತಾಗಿದರೆ ಮಗುವಿನ ಮೈಗೇ ತಾಗಿದ ಹಾಗೆ ಎಂದು ಎಲ್ಲರೂ ನಂಬಿದ್ದರು. ಹಾಗಾಗಿ ಯಾರೂ ಒಂದು ಕೊಂಬೆಯನ್ನೂ ಸವರುತ್ತಿರಲಿಲ್ಲ, ಒಣಗಿದ್ದನ್ನೂ.

ಆಗ ಜೀಗುಜ್ಜೆ ಎಲೆಗೆ ಬೆರಳಿರಲಿಲ್ಲ. ಮೊರದಷ್ಟು ಅಗಲ, ಒಂದೇ ತುಂಡು. ಕೊಂಬೆಯ ಮೇಲೆ ಕೊಂಬೆ, ಎಲೆಯ ಮೇಲೆ ಎಲೆ. ಮರದ ಕೆಳಗೆ ನಡುಹಗಲಲ್ಲೂ ಹಸಿರು ನಿದ್ದೆ.

ಆದರೆ ವರ್ಷಕ್ಕೊಮ್ಮೆ ದೊಡ್ಡ ಗಾಳಿ ಬರುತ್ತಿತ್ತು. ಬಂದಾಗಲೆಲ್ಲ ಒಂದೆರಡು ಮರ ಬೇರು ಸಮೇತ ಮಗುಚಿ ಮನೆಯ ಮೇಲೆ ಬೀಳುತ್ತಿದ್ದವು. ಒಮ್ಮೆ ಜಾಣರೆಲ್ಲ ಸೇರಿ ಮರಗಳನ್ನು ತೆಂಗಿನ ನಾರಿನ ಹಗ್ಗದಿಂದ ಮನೆಯ ಕಂಬಕ್ಕೇ ಬಿಗಿದರು. ಆ ವರ್ಷ ಮರವೂ ಬಿತ್ತು, ಕಂಬವೂ ಬಿತ್ತು. ಜಾಣತನಕ್ಕೇನೂ ಕೊರತೆಯಿರಲಿಲ್ಲ ಬಿಡು!

ದ್ವೀಪದ ತುದಿಯ ಮನೆಯಲ್ಲಿ ಅಕ್ಕಣಿ ಎಂಬ ಹೆಂಗಸಿದ್ದಳು. ಅವಳ ಒಬ್ಬಳೇ ಮಗಳು ಲಚ್ಚಿ. ಲಚ್ಚಿ ಹೆತ್ತು ಮೂರೇ ದಿನವಾಗಿತ್ತು. ಏಳಲೂ ಆಗದಷ್ಟು ಜ್ವರ. ಹಸುಗೂಸನ್ನು ಅಪ್ಪಿಕೊಂಡು ಒಳಗೆ ಮಲಗಿದ್ದಳು. ಅವಳ ಜೊತೆಮರ ಆ ಸೂರಿನ ಮೇಲೇ ಬಾಗಿ ನಿಂತಿತ್ತು.

ಒಂದು ಬೆಳಿಗ್ಗೆ ಕಡಲ ಕಡೆಯಿಂದ ಕಿರುಗಾಳಿ ಬಂದು ಜಗಲಿಯಲ್ಲಿ ಕೂತಿತು.

“ಅಕ್ಕಣೀ, ನಾಳೆ ಮಧ್ಯಾಹ್ನ ನನ್ನ ದೊಡ್ಡಣ್ಣ ಬರ್ತಾನೆ.”

“ಅಯ್ಯೋ, ಬಾಣಂತಿಯನ್ನು ಕರಕೊಂಡು ನಾನೆಲ್ಲಿಗೆ ಹೋಗಲಿ? ನಿನ್ನ ಅಣ್ಣನಿಗೆ ನಮ್ಮ ಮೇಲೆ ಎಂತ ಹಗೆ ಮಾರಾಯಾ?”

“ಹಗೆ ಎಂತದೂ ಇಲ್ಲ. ಅವನಿಗೆ ಕಣ್ಣಿಲ್ಲ. ದಾರಿ ಇದ್ದರೆ ಹೋಗ್ತಾನೆ, ಇಲ್ಲದಿದ್ದರೆ ದೂಡ್ತಾನೆ. ನಿನ್ನ ಮರದಲ್ಲಿ ನನಗೇ ನುಗ್ಗಲಿಕ್ಕೆ ಸಂದಿಲ್ಲ, ನೋಡು.”

ಆಗ ಮರವೂ ಬಾಯಿಬಿಟ್ಟಿತು. “ಅಮ್ಮಾ, ನನ್ನ ಬೇರು ನಡುಗ್ತಾ ಉಂಟು. ಸ್ವಲ್ಪ ಹೊರೆ ಇಳಿಸು.”

“ನಿನ್ನನ್ನು ಕಡಿದರೆ ಲಚ್ಚಿಗೆ ನೋವಾಗ್ತದಲ್ಲ ಮಗಾ.”

“ನಾನು ಬಿದ್ದರೆ?” ಎಂದಿತು ಮರ.

ಅಕ್ಕಣಿ ಎದ್ದಳು. ಕತ್ತಿ ತಂದಳು, ಏಣಿ ಇಟ್ಟಳು. ಅಕ್ಕಪಕ್ಕದವರು ಓಡಿ ಬಂದು, “ಹೆತ್ತ ಮಗಳನ್ನೇ ಕಡಿಯುವುದುಂಟಾ!” ಎಂದು ಕೂಗಿದರು. ಆದರೂ ಅವಳು ಹತ್ತಿದಳು.

ಮೊದಲು ಒಣಗಿದ ಕೊಂಬೆ ಕಡಿದಳು. “ಲಚ್ಚೀ, ನೋವಾಯ್ತಾ?”

“ಇಲ್ಲಮ್ಮಾ,” ಎಂದಿತು ಒಳಗಿನ ದನಿ.

ಒಂದಕ್ಕೊಂದು ಉಜ್ಜುತ್ತಿದ್ದ ಕೊಂಬೆಗಳಲ್ಲಿ ಒಂದನ್ನು ಕಡಿದಳು. ಬಿಳಿ ಹಾಲು ತೊಟ್ಟಿಕ್ಕಿತು. “ಲಚ್ಚೀ, ನೋವಾಯ್ತಾ?”

“ಇಲ್ಲಮ್ಮಾ.”

ಸೂರಿನ ಮೇಲೆ ಚಾಚಿದ್ದ ಭಾರದ ಕೊಂಬೆ ಕಡಿದಳು. “ಲಚ್ಚೀ, ನೋವಾಯ್ತಾ?”

ಉತ್ತರವಿಲ್ಲ.

ಅಕ್ಕಣಿ ಕತ್ತಿ ಎಸೆದು ಇಳಿದು ಒಳಗೆ ಓಡಿದಳು. ನೋಡಿದರೆ, ಕೊಂಬೆ ಹೋದ ಸಂದಿನಿಂದ ಕಿರುಗಾಳಿ ಮೊದಲ ಸಲ ಒಳಗೆ ಬಂದಿತ್ತು. ಲಚ್ಚಿಯ ಹಣೆ ಬೆವತು ತಣ್ಣಗಾಗಿತ್ತು. ಮಗುವನ್ನು ತಬ್ಬಿಕೊಂಡು ಸುಖವಾಗಿ ನಿದ್ದೆ ಹೋಗಿದ್ದಳು. ಅಕ್ಕಣಿ ಹೊಸ್ತಿಲಲ್ಲೇ ಕೂತು ಮನಸಾರೆ ಅತ್ತಳು.

ಮರುದಿನ ಮಧ್ಯಾಹ್ನ ದೊಡ್ಡ ಗಾಳಿ ಬಂತು. ಕೊಂಬೆ ಕಡಿಮೆಯಾಗಿತ್ತು, ಆದರೆ ಮೊರದಂಥ ಎಲೆಗಳು ಇನ್ನೂ ದಾರಿಗೆ ಅಡ್ಡವಾಗಿದ್ದವು. ಬೇರು ಕಿರ್ರೆಂದಿತು. ಅಕ್ಕಣಿ ಅಂಗಳಕ್ಕೆ ಬಂದು ಮರದ ಮುಂದೆ ನಿಂತಳು. ಎರಡೂ ಕೈ ಎತ್ತಿ, ಬೆರಳು ಬಿಡಿಸಿ ಕೂಗಿದಳು:

“ಅಣ್ಣಾ, ಇಲ್ಲಿ ದಾರಿ ಉಂಟು! ಇಲ್ಲಿಂದ ಹೋಗು!”

ಗಾಳಿ ಅವಳ ಬೆರಳ ಸಂದಿನಲ್ಲಿ ಸುಯ್ಯೆಂದು ಹೋಯಿತು. ಕೈಗೆ ಏನೂ ಆಗಲಿಲ್ಲ. ಮರ ಅದನ್ನು ನೋಡಿತು. ನೋಡಿ, ಉಸಿರು ಬಿಗಿಹಿಡಿದು, ತನ್ನ ಎಲೆಗಳನ್ನು ತಾನೇ ಸೀಳಿಕೊಂಡಿತು. ಒಂದೊಂದು ಎಲೆಯೂ ಬೆರಳು ಬಿಡಿಸಿದ ಕೈಯಾಯಿತು. ನೂರು ಕೈ, ಸಾವಿರ ಕೈ. ಗಾಳಿ ಎಲ್ಲದರ ನಡುವೆ ನುಸುಳಿ, ಹಾಡಿಕೊಂಡು, ಕಡಲಿನ ಆಚೆಗೆ ಹೋಯಿತು.

“ಅಲ್ಲೊಂದು ಮನೆ ಇತ್ತಾ? ನನಗೆ ಗೊತ್ತೇ ಆಗಲಿಲ್ಲ,” ಎಂದು ಅದು ತಮ್ಮನಲ್ಲಿ ಹೇಳಿತಂತೆ. ಒಳಗೆ ಕೂಸಿಗೆ ಎಚ್ಚರವೂ ಆಗಿರಲಿಲ್ಲ.

ಅಂದಿನಿಂದ ಮಳೆಗಾಲಕ್ಕೆ ಮುಂಚೆ ದ್ವೀಪದವರೆಲ್ಲ ಜೊತೆಮರಗಳ ಕೊಂಬೆ ಸವರತೊಡಗಿದರು. ಅವರ ಎಲ್ಲ ಮರಗಳೂ ಲಚ್ಚಿಯ ಮರವನ್ನು ನೋಡಿ ಬೆರಳು ಬಿಡಿಸಿದವು.

ನೀನು ಹುಟ್ಟಿದ ದಿನ ನಮ್ಮ ಅಂಗಳದಲ್ಲಿ ನೆಟ್ಟ ಜೀಗುಜ್ಜೆಯ ಎಲೆಯ ಮೇಲೆ ನಿನ್ನ ಕೈ ಇಟ್ಟು ನೋಡು ಪುಟ್ಟಿ, ಅದು ಅಕ್ಕಣಿಯ ಕೈ, ಇವತ್ತಿಗೂ ಗಾಳಿಗೆ ದಾರಿ ತೋರಿಸುತ್ತಿದೆ. ನಾಳೆ ನಿನ್ನ ಅಪ್ಪ ಏಣಿ ಹತ್ತಿ ಕೊಂಬೆ ಸವರುವಾಗ ಒಳಗಿರಬೇಡ, ಅಂಗಳದಲ್ಲೇ ನಿಂತಿರು. ಅವನು ನಿನ್ನ ಹೆಸರು ಹಿಡಿದು ‘ನೋವಾಯ್ತಾ?’ ಎಂದು ಕೂಗುತ್ತಾನೆ, ನೀನು ‘ಇಲ್ಲಪ್ಪಾ’ ಅನ್ನಬೇಕು.