ಗೇಟಿನೊಳಗಿನ ಅಪ್ಪ

ನಾನು ಮೊದಲ ಸಲ ಊರು ಬಿಟ್ಟು ನಡೆದದ್ದು ಐದನೇ ಕ್ಲಾಸಿನಲ್ಲಿ, ದಸರಾ ರಜೆ ಮುಗಿದ ಸೋಮವಾರ. ಲಾರಿ ಹತ್ತಿ ಹೋಗಿ ತಿರುಗಿ ಬಾರದ ಅಪ್ಪನನ್ನು ಹುಡುಕಿಕೊಂಡು ಹಿರಿಯೂರಿನ ತನಕ ಹೋದೆ. ಸಿಗಲಿಲ್ಲ. ನಾಲ್ಕನೇ ದಿನ ಶಾಲೆಗೆ ಬಂದರೆ ಹೆಡ್ಮಾಸ್ಟರು ತಿಪ್ಪೇರುದ್ರಯ್ಯ ಬೆತ್ತ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ. ಇಲ್ಲಾಂದ್ರೆ ಹಾಜರಿಯಿಂದ ಹೆಸರು ಹೊಡೆದುಹಾಕ್ತೀನಿ."

ಹೆಸರು ಹೋದರೆ ಮಧ್ಯಾಹ್ನದ ಊಟವೂ ಹೋದ ಹಾಗೆ. ಅವ್ವನಿಗೆ ಹೇಳಲಿಲ್ಲ, ಅವಳು ಅಳುವುದನ್ನು ನೋಡಿ ಸಾಕಾಗಿತ್ತು.

ಮರುದಿನ ಒಬ್ಬನೇ ಹೋಗಿ ಅವರ ಮೇಜಿನ ಮುಂದೆ ನಿಂತೆ. ಮೇಷ್ಟ್ರುಗಳೆಲ್ಲ ಅಲ್ಲೇ ಕೂತಿದ್ದರು.

"ಎಲ್ಲೋ ನಿಮ್ಮಪ್ಪ?"

"ನನಗಿಂತ ಮುಂಚೆನೇ ಬಂದು ಕುರ್ಚೀಲಿ ಕೂತಿದಾರೆ ಸಾ. 'ಗೇಟಿನೊಳಗೆ ನಿಮಗೆಲ್ಲ ನಾನೇ ಅಪ್ಪ' ಅಂತ ದಿನಾ ಪ್ರಾರ್ಥನೇಲಿ ನೀವೇ ಹೇಳ್ತೀರಲ್ಲ."

"ಲೋ ಬಡ್ಡೀ ಮಗ..." ಎಂದು ಬೆತ್ತ ಎತ್ತಿದವರು, 'ಮಗ' ಎಂದದ್ದೇ ತಡ, ಬಾಯಿ ಮುಚ್ಚಿದರು. ಕನ್ನಡ ಮೇಷ್ಟ್ರು ಕೆಮ್ಮು ಬಂದವರಂತೆ ಗೋಡೆ ಕಡೆ ತಿರುಗಿದರು. ಹೆಡ್ಮಾಸ್ಟರು ನನ್ನಿಂದ ರಜೆ ಚೀಟಿ ಬರೆಸಿ, ತಂದೆಯ ಸಹಿ ಇರಬೇಕಾದಲ್ಲಿ ತಾವೇ ಸಹಿ ಹಾಕಿದರು. ಆಮೇಲೆ ಮೆಲ್ಲಗೆ, "ಬೆಳಿಗ್ಗೆ ಏನಾದ್ರೂ ತಿಂದ್ಯೇನೋ?" ಎಂದರು.

ಆ ವರ್ಷವೆಲ್ಲ ನನಗೆ ಏಟು ಬೀಳಲಿಲ್ಲ. ಜೂನಿನಲ್ಲಿ ಅವರಿಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಹೊಸದಾಗಿ ಬಂದವರು ನಾನು ತುಂಬಿ ಕೊಟ್ಟ ಅರ್ಜಿ ನೋಡಿ, "ಅಪ್ಪನ ಸಹಿ ಎಲ್ಲಿ?" ಎಂದರು.

"ಅಪ್ಪನಿಗೆ ವರ್ಗ ಆಯ್ತು ಸಾ."

"ಆದ್ರೇನು? ಅಲ್ಲಿಗೇ ಹೋಗಿ ಹಾಕಿಸ್ಕೊಂಡು ಬಾ. ಅಲ್ಲೀತನಕ ಕ್ಲಾಸಿಗೆ ಬರಬೇಡ."

ಸರಿ ಸಾ ಎಂದೆ. ಮನೆಗೆ ಬಂದು ಎರಡು ಅಂಗಿ ಮಡಚಿ ಚೀಲಕ್ಕೆ ತುರುಕಿದೆ.