ನೂರೆಂಟನ್ನೇ ಒತ್ತಿದ ಗುಮಾಸ್ತ

“ಬುದ್ಧಿ, ಅಣ್ಣತಮ್ಮಂದಿರು ಒಂದಾಗುವುದಕ್ಕೂ ಹಣೆಯಲ್ಲಿ ಬರೆದಿರಬೇಕೆ?” ಎಂದು ಚೆನ್ನವೀರ ಗುರುಗಳನ್ನು ಕೇಳಿದ.

ಅಣ್ಣನ ಮಗಳ ಮದುವೆಗೆ ಹೋಗದೆ ತಪ್ಪಿಸಿಕೊಂಡವನು ಅವನು. ಅಂದಿನಿಂದ ಅಣ್ಣ ಮಾತು ಬಿಟ್ಟಿದ್ದ. ಪ್ರತಿ ಯುಗಾದಿಗೂ ಚೆನ್ನವೀರ ಬೇವುಬೆಲ್ಲ ಹಿಡಿದು ಅಣ್ಣನ ಮನೆಯ ಮುಂದೆ ನಿಂತು, “ಆದದ್ದು ಆಯಿತು, ಮರೆತುಬಿಡಣ್ಣ” ಎನ್ನುತ್ತಿದ್ದ. ಬಾಗಿಲು ತೆರೆಯುತ್ತಿರಲಿಲ್ಲ. ಹೀಗೆ ಆರು ಯುಗಾದಿ ಕಳೆದು ಅವನಿಗೆ ಸಾಕುಸಾಕಾಗಿತ್ತು.

ಹಣೆಬರಹದ ಪ್ರಶ್ನೆ ಕೇಳಿ ಕೇಳಿ ಗುರುಗಳಿಗೂ ಸಾಕಾಗಿತ್ತು. ಆದರೂ ಕತೆ ಹೇಳಿದರು.

ಒಂದು ಊರಿನಲ್ಲಿ ಮನೆಯಿಲ್ಲದವರಿಗೆ ವರ್ಷಕ್ಕೆ ಹತ್ತು ಮನೆ ಹಂಚುತ್ತಿದ್ದರು. ಅರ್ಜಿ ಮುನ್ನೂರು. ಯಾರ ಕೈವಾಡವೂ ಬೇಡವೆಂದು ಚೀಟಿ ಎತ್ತುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದರು. ಅದರೊಳಗೆ, ಆ ಕಸುಬಿನವರು ಲೈಬ್ರರಿ ಎನ್ನುವ ಒಂದು ಸಿದ್ಧ ತಂತ್ರಾಂಶ. ಮೊದಲಿಗೆ ಒಂದು ಸಂಖ್ಯೆ ಕೊಟ್ಟರೆ ಅದನ್ನೇ ಗುಣಿಸಿ, ಕೂಡಿಸಿ, ಕಲಸಿ, ಗೊತ್ತುಗುರಿಯಿಲ್ಲದಂತೆ ಕಾಣುವ ಸಂಖ್ಯೆಗಳನ್ನು ಸಾಲಾಗಿ ಕೊಡುತ್ತದೆ. ಆ ಸಾಲಿನ ಮೊದಲ ಹತ್ತು ನಂಬರಿನ ಅರ್ಜಿಗಳಿಗೆ ಮನೆ. ಕೊಟ್ಟದ್ದನ್ನೇ ಮತ್ತೆ ಕೊಟ್ಟರೆ ಬಂದ ಸಾಲೇ ಮತ್ತೆ ಬರುತ್ತದೆ. ಪ್ರತಿ ಸಲವೂ ಹೊಸ ಸಂಖ್ಯೆ ಕೊಡಿ ಎಂದು ಅದನ್ನು ಬರೆದವನು ಹೇಳಿಯೇ ಹೋಗಿದ್ದ.

ಗುಮಾಸ್ತ ದೈವಭಕ್ತ. ಕಂಪ್ಯೂಟರಿಗೆ ಕುಂಕುಮವಿಟ್ಟು, ಹೂ ಮುಡಿಸಿ, ಎಲ್ಲರಿಗೂ ಶುಭವಾಗಲಿ ಎಂದು ಪ್ರತಿ ವರ್ಷವೂ ನೂರೆಂಟನ್ನೇ ಒತ್ತುತ್ತಿದ್ದ.

ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಪ್ರತಿ ವರ್ಷವೂ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದಳು. ಬಂದ ಸರದಿಯಂತೆ ಅವಳ ಅರ್ಜಿಗೆ ಪ್ರತಿ ವರ್ಷವೂ ಒಂದನೆಯ ನಂಬರು. ನೂರೆಂಟು ಒತ್ತಿದಾಗ ಬರುವ ಹತ್ತು ನಂಬರುಗಳಲ್ಲಿ ಆ ಒಂದನೆಯ ನಂಬರು ಇರಲಿಲ್ಲ.

ಐದನೆಯ ವರ್ಷ ಅವಳು ಕೇಳಿದಳು. “ನನ್ನ ಹೆಸರು ಯಾಕೆ ಬರಲ್ಲ ಸ್ವಾಮಿ?”

“ಮಿಷನ್ನಿಗೆ ನಿಮ್ಮ ಮೇಲೆ ಏನಮ್ಮ ಹಗೆ? ಬರೋ ವರ್ಷ ಇನ್ನೂ ಬೇಗ ಬನ್ನಿ” ಎಂದ ಗುಮಾಸ್ತ.

ಆರನೆಯ ವರ್ಷ ಅವಳು ಬರಲಿಲ್ಲ. ದೇವರಿಗೇ ಬೇಡವಾದೆ ಎಂದುಕೊಂಡು ಊರು ಬಿಟ್ಟಿದ್ದಳು. ಆ ವರ್ಷ ಬಂದ ಹೊಸ ಗುಮಾಸ್ತ ಹಳೆಯ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ. ಐದರಲ್ಲೂ ಅವೇ ಹತ್ತು ನಂಬರು. ಐದು ವರ್ಷದಲ್ಲಿ ನಿಜವಾಗಿ ಚೀಟಿ ಎತ್ತಿದ್ದು ಒಂದೇ ಸಲ.

ಚೆನ್ನವೀರನಿಗೆ ಆ ಹೆಂಗಸಿನ ಮೇಲೆ ಮರುಕ ಹುಟ್ಟಿತು, ಗುಮಾಸ್ತನ ಮೇಲೆ ಸಿಟ್ಟು ಬಂತು. “ಎಂಥ ದಡ್ಡ ಅವನು! ಒಂದು ಸಲವಾದರೂ ಬೇರೆ ಸಂಖ್ಯೆ ಒತ್ತಬಾರದಿತ್ತೆ?” ಎಂದ.

“ನೀನು ಒಂದು ಸಲವಾದರೂ ‘ತಪ್ಪಾಯಿತು’ ಅಂದಿದ್ದೀಯೇನಪ್ಪ?” ಎಂದರು ಗುರುಗಳು.